ಶಾಲೆ ಕೈಬಿಟ್ಟ ಹುಡುಗರು: ಬಾರಾಮತಿ, ಸಾತಾರೆ, ಮುಂಬಯಿಗಳ ಇತಿಹಾಸ ಕಲಿಸುವ ಪಾಠ

ಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗ ಹೊರನಾಡಿನಲ್ಲಿ ನೆಲೆಸಿದ ನಾವು ಸಾಮಾನ್ಯವಾಗಿ ನೆನೆಯುವುದು ಹೆಚ್ಚು ಅಂಕ ಪಡೆದವರನ್ನು. ಸಂಘದ ವಾರ್ಷಿಕೋತ್ಸವದಲ್ಲಿ ಅವರಿಗೆ ಶಾಲು, ಪುಸ್ತಕ, ಚಪ್ಪಾಳೆ ಎಲ್ಲವೂ ಸಲ್ಲುತ್ತವೆ, ಸಲ್ಲಬೇಕಾದದ್ದೇ. ಆದರೆ ಒಂಬತ್ತನೆಯ ಇಯತ್ತೆಯಲ್ಲಿ ಎರಡು ಸಲ ನಪಾಸಾಗಿ, ಜಗಳ ಮಾಡಿ, ಕೊನೆಗೆ ಶಾಲೆಯವರೇ ತಂದೆಯನ್ನು ಕರೆಯಿಸಿ ಎಲ್.ಸಿ. ಕೈಗಿತ್ತು ಕಳುಹಿಸಿದ ಹುಡುಗನ ಹೆಸರು ಯಾವ ಸಭೆಯಲ್ಲಿಯೂ ಕೇಳಿಬರುವುದಿಲ್ಲ. ಅಂಥ ಹುಡುಗ ಇರುವ ಮನೆಯವರು ಸಭೆಗೆ ಬರುವುದನ್ನೇ ಕಡಿಮೆ ಮಾಡುತ್ತಾರೆ. ಊರಿನಿಂದ ಪತ್ರ ಬಂದರೆ, ಫೋನು ಬಂದರೆ, ‘ಹುಡುಗ ಏನು ಓದುತ್ತಿದ್ದಾನೆ?’ ಎಂಬ ಪ್ರಶ್ನೆಗೆ ಏನಾದರೊಂದು ಹೇಳಿ ಮಾತು ಮರೆಸುತ್ತಾರೆ.

ಹದಿಮೂರರಿಂದ ಹದಿನೆಂಟು ವರ್ಷದೊಳಗಿನ ಇಂಥ ಹುಡುಗರನ್ನು ಏನು ಮಾಡಬೇಕು ಎಂಬ ಪ್ರಶ್ನೆ ಹೊಸದಲ್ಲ. ಕಳೆದ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಸರಕಾರ, ಮಿಶನರಿಗಳು, ಸಮಾಜ ಸುಧಾರಕರು, ಮತ್ತು ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗರು ಇದಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದ್ದಾರೆ. ಆ ಉತ್ತರಗಳಲ್ಲಿ ಕೆಲವು ನಮ್ಮ ಪುಣೆ ಜಿಲ್ಲೆಯಲ್ಲಿಯೇ, ಅದರಲ್ಲೂ ಬಾರಾಮತಿಯ ಆಸುಪಾಸಿನಲ್ಲಿಯೇ ರೂಪುಗೊಂಡವು. ಅವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಬೀಗ ಹಾಕಿದ ಶಾಲೆ

ತಪ್ಪು ಮಾಡಿದ ಹುಡುಗನನ್ನು ದೊಡ್ಡ ಕೈದಿಗಳ ನಡುವೆ ಕೂಡಿಹಾಕಿದರೆ ಅವನು ಪಕ್ಕಾ ಕಳ್ಳನಾಗಿ ಹೊರಬರುತ್ತಾನೆ ಎಂಬುದು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿಯೇ ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಫ್ರಾನ್ಸಿನ ಮೆತ್ರೆ ಎಂಬಲ್ಲಿ 1840ರಲ್ಲಿ ಅಂಥ ಹುಡುಗರಿಗಾಗಿ ಒಂದು ಕೃಷಿ ಕಾಲೊನಿ ಆರಂಭವಾಯಿತು. ಆ ಗಾಳಿ ನಮ್ಮ ಕಡೆಗೂ ಬೀಸಿತು. ಮುಂಬಯಿಯಲ್ಲಿ 1857ರಲ್ಲಿ ಡೇವಿಡ್ ಸಸೂನ್ ಎಂಬ ಯಹೂದಿ ವ್ಯಾಪಾರಿಯ ದಾನದಿಂದ ಬಾಲಾಪರಾಧಿಗಳಿಗೆ ಕಸಬು ಕಲಿಸುವ ಶಾಲೆ ನಿಂತಿತು. ಇಂದಿಗೂ ಮಾಹಿಮ್‌ನಲ್ಲಿ ಅವನ ಹೆಸರಿನ ಸಂಸ್ಥೆ ಇದೆ.

1897ರ ರಿಫಾರ್ಮೇಟರಿ ಶಾಲೆಗಳ ಕಾಯದೆಯ ಪ್ರಕಾರ ಹದಿನೈದು ವರ್ಷಕ್ಕಿಂತ ಕಡಿಮೆ ವಯಸ್ಸಿನ ಹುಡುಗನಿಗೆ ಜೈಲು ಶಿಕ್ಷೆಯಾದರೆ, ಆ ಶಿಕ್ಷೆಯ ಬದಲಿಗೆ ಅವನನ್ನು ಮೂರರಿಂದ ಏಳು ವರ್ಷಗಳವರೆಗೆ ಸುಧಾರಣಾ ಶಾಲೆಯಲ್ಲಿ ಇಡಬಹುದಾಗಿತ್ತು. ಹದಿನೆಂಟು ತುಂಬಿದ ಮೇಲೆ ಇಡುವಂತಿರಲಿಲ್ಲ. ಮುಂಬಯಿ ಇಲಾಖೆಯ ಇಂಥ ಶಾಲೆ ಪುಣೆಯ ಯೆರವಡೆಯಲ್ಲಿತ್ತು. ಬಡಗಿತನ, ಕಮ್ಮಾರಿಕೆ, ತೋಟದ ಕೆಲಸಗಳ ಜೊತೆಗೆ ಒಂದಿಷ್ಟು ಓದು, ಬರಹ, ಲೆಕ್ಕ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಒಂದು ಗಂಟೆ ಕದ್ದ ಹುಡುಗನಿಗೆ ಜೈಲಾದರೆ ಕೆಲವು ತಿಂಗಳು. ಶಾಲೆಯಾದರೆ ಕನಿಷ್ಠ ಮೂರು ವರ್ಷ. ಉಪಕಾರದ ಹೆಸರಿನಲ್ಲಿ ಸೆರೆ ಉದ್ದವಾಯಿತು.

ಇದರಿಂದ ಸ್ವಲ್ಪ ದೊಡ್ಡ ಹುಡುಗರಿಗಾಗಿ ಇಂಗ್ಲೆಂಡಿನ ಬೋರ್ಸ್ಟಲ್ ಎಂಬ ಹಳ್ಳಿಯಲ್ಲಿ 1902ರಲ್ಲಿ ಆರಂಭವಾದ ಪದ್ಧತಿಯನ್ನು ಮುಂಬಯಿ ಸರಕಾರ 1929ರ ಕಾಯದೆಯಿಂದ ಇಲ್ಲಿಗೆ ತಂದಿತು. ಆ ಇಲಾಖೆಯ ಬೋರ್ಸ್ಟಲ್ ಶಾಲೆ ನಡೆದದ್ದು ನಮ್ಮ ಧಾರವಾಡದಲ್ಲಿ. ಕಾಲೇಜುಗಳಿಗೂ ಸಾಹಿತ್ಯಕ್ಕೂ ಹೆಸರಾದ ಆ ಊರಿನಲ್ಲಿ ಇಂಥದೊಂದು ಶಾಲೆಯೂ ಇತ್ತೆಂಬುದು ಅಲ್ಲಿ ಓದಿ ಬಂದ ನಮ್ಮಲ್ಲಿ ಹಲವರಿಗೆ ನೆನಪಿರಲಾರದು. ಇಷ್ಟರಲ್ಲಿ 1924ರ ಮುಂಬಯಿ ಮಕ್ಕಳ ಕಾಯದೆ ಬಂದು, ಅಪರಾಧ ಮಾಡದಿದ್ದರೂ ದಿಕ್ಕಿಲ್ಲದ ಮಕ್ಕಳನ್ನು ಮಾನ್ಯತೆ ಪಡೆದ ಶಾಲೆಗಳಲ್ಲಿ ಇಡುವ ವ್ಯವಸ್ಥೆಯಾಯಿತು. ಇದು ನಿಜವಾಗಿ ಒಂದು ಹೆಜ್ಜೆ ಮುಂದೆ ಹೋದಂತೆ. ಆದರೂ ಕದ್ದವನೂ, ತಾಯಿತಂದೆ ಇಲ್ಲದವನೂ ಒಂದೇ ಸೂರಿನ ಕೆಳಗೆ ಬಂದದ್ದರಿಂದ ಹೊರಗಿನವರ ಕಣ್ಣಿಗೆ ಇಬ್ಬರೂ ಒಂದೇ ಆದರು.

ಬಾರಾಮತಿಯ ಸೆಟ್ಲಮೆಂಟು

ಬಾರಾಮತಿ ಎಂದರೆ ಇಂದು ಕಬ್ಬು, ಸಕ್ಕರೆ ಕಾರಖಾನೆ, ಕಾಲೇಜುಗಳು, ರಾಜಕಾರಣ ಇವೇ ನೆನಪಿಗೆ ಬರುತ್ತವೆ. ಸಾಹಿತ್ಯ ಬಲ್ಲವರು ಕರ್ಹಾ ನದಿಯ ದಂಡೆಯ ಮೇಲೆ ಹದಿನೆಂಟನೆಯ ಶತಮಾನದಲ್ಲಿ ಬಾಳಿದ ಮೋರೋಪಂತ ಕವಿಯನ್ನು ನೆನೆಯುತ್ತಾರೆ. ಆದರೆ ಬ್ರಿಟಿಷ್ ಸರಕಾರದ ಕಡತಗಳಲ್ಲಿ ಈ ಊರಿನ ಹೆಸರು ಇನ್ನೊಂದು ಕಾರಣಕ್ಕಾಗಿಯೂ ಬರುತ್ತದೆ. ಇಲ್ಲಿ ‘ಅಪರಾಧಿ ಬುಡಕಟ್ಟು’ಗಳೆಂದು ಕರೆಯಲಾದ ಜನರ ಒಂದು ಸೆಟ್ಲಮೆಂಟು, ಎಂದರೆ ಸರಕಾರಿ ವಸಾಹತು ಇತ್ತು.

1871ರಲ್ಲಿ ಮೊದಲು ಉತ್ತರ ಭಾರತಕ್ಕಾಗಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯದೆಯನ್ನು 1911ರಲ್ಲಿ ಹೊಸದಾಗಿ ರಚಿಸಿ ಮುಂಬಯಿ ಇಲಾಖೆಗೂ ಅನ್ವಯಿಸಿದರು. ಇಡೀ ಒಂದು ಜಾತಿಯನ್ನೇ ಅಪರಾಧಿ ಎಂದು ಸಾರಿ, ಅದರಲ್ಲಿ ಹುಟ್ಟಿದವರ ಹೆಸರುಗಳನ್ನು ದಾಖಲು ಮಾಡಿ, ಹಾಜರಿ ತೆಗೆದುಕೊಂಡು, ಅಪ್ಪಣೆಯಿಲ್ಲದೆ ಊರು ಬಿಡದಂತೆ ತಡೆಯುವುದು ಈ ಕಾಯದೆಯ ತಿರುಳು. ಇದರ ಜಾರಿಯಲ್ಲಿ ಮುಖ್ಯರಾದವರು ಓ. ಎಚ್. ಬಿ. ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ. ಇವರ ಪ್ರಯೋಗ ಆರಂಭವಾದದ್ದು 1910ರ ಸುಮಾರಿಗೆ ಬಿಜಾಪುರದಲ್ಲಿ. ಆಮೇಲೆ ಹುಬ್ಬಳ್ಳಿ, ಗದಗ, ಸೋಲಾಪುರ, ಬಾರಾಮತಿ ಮೊದಲಾದ ಕಡೆಗಳಲ್ಲಿ ವಸಾಹತುಗಳು ಎದ್ದವು. ಹುಬ್ಬಳ್ಳಿಯಲ್ಲಿ ಆ ಬಡಾವಣೆಯನ್ನು ಜನ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಹರಣಶಿಕಾರಿಗಳು, ಛಪ್ಪರಬಂದರು, ಗಂಟಿಚೋರರು, ಮರಾಠಿಯಲ್ಲಿ ಕೈಕಾಡಿಗಳೆನಿಸಿದ ಕೊರವರು, ಹೀಗೆ ಕನ್ನಡ-ಮರಾಠಿ ಗಡಿಯ ಆಚೆಈಚೆ ಅಲೆದಾಡಿ ಬದುಕುತ್ತಿದ್ದ ಜನ ಈ ಬೇಲಿಗಳೊಳಗೆ ಬಂದರು. ಆದ್ದರಿಂದ ಇದು ಪರರ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ಇದು ನಮ್ಮ ಗಡಿನಾಡಿನ ಕಥೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಈ ಕಾಯದೆಯಲ್ಲಿ ಮಕ್ಕಳನ್ನು ಕುರಿತು ಇದ್ದ ಒಂದು ಕಲಮು. ಸರಕಾರ ಕೈಗಾರಿಕಾ, ಕೃಷಿ ಅಥವಾ ಸುಧಾರಣಾ ಶಾಲೆಗಳನ್ನು ತೆರೆಯಬಹುದು. ಆರು ವರ್ಷಕ್ಕೆ ಮೇಲ್ಪಟ್ಟ, ಹದಿನೆಂಟಕ್ಕೆ ಒಳಗಿನ ಮಕ್ಕಳನ್ನು ತಾಯಿತಂದೆಗಳಿಂದ ಬೇರ್ಪಡಿಸಿ ಅಲ್ಲಿ ಇಡಬಹುದು. ಇಲ್ಲಿ ಹುಡುಗ ಯಾವ ತಪ್ಪನ್ನೂ ಮಾಡಿರಬೇಕಾಗಿರಲಿಲ್ಲ. ಯೆರವಡೆಯ ಹುಡುಗನಿಗೆ ಕನಿಷ್ಠ ಒಂದು ವಿಚಾರಣೆಯಾದರೂ ನಡೆಯುತ್ತಿತ್ತು. ವಸಾಹತಿನ ಹುಡುಗನ ಪಾಲಿಗೆ ಹುಟ್ಟೇ ತೀರ್ಪಾಗಿತ್ತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಈ ವಸಾಹತುಗಳ ಶಾಲೆಗಳು ಹೆಸರಿಗೆ ಮಾತ್ರ ಇದ್ದವಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ ಕಡಿಮೆಯಾಗಿದ್ದ ಕಾಲದಲ್ಲಿ ಇಲ್ಲಿ ಹಗಲುಶಾಲೆ ಕಡ್ಡಾಯವಾಗಿತ್ತು. ಕೆಲಸಕ್ಕೆ ಹೋಗುವ ದೊಡ್ಡ ಹುಡುಗರಿಗೆ ರಾತ್ರಿಶಾಲೆಯಿತ್ತು. ಕಸಬು ಕಲಿಸುವ ಏರ್ಪಾಡಿತ್ತು. ಸೋಲಾಪುರದ ವಸಾಹತನ್ನು ಅಮೇರಿಕನ್ ಮರಾಠಿ ಮಿಶನ್ನಿನವರು ನಡೆಸುತ್ತಿದ್ದರು. ಅಲ್ಲಿಯ ಜನಕ್ಕೆ ಗಿರಣಿಗಳಲ್ಲಿ ಕೆಲಸ ಸಿಕ್ಕಿತು. ಸ್ಟಾರ್ಟೆ ಮನುಷ್ಯತ್ವವಿಲ್ಲದ ಅಧಿಕಾರಿಯೇನೂ ಅಲ್ಲ. ದಲಿತರ ಮತ್ತು ಆದಿವಾಸಿಗಳ ಸ್ಥಿತಿಗತಿಗಳನ್ನು ಪರಿಶೀಲಿಸಿ 1930ರಲ್ಲಿ ವರದಿ ಕೊಟ್ಟ ಮುಂಬಯಿ ಸರಕಾರದ ಸಮಿತಿಗೆ ಅವರೇ ಅಧ್ಯಕ್ಷರು, ಡಾ. ಅಂಬೇಡಕರ್ ಮತ್ತು ಠಕ್ಕರ್ ಬಾಪಾ ಅದರ ಸದಸ್ಯರಾಗಿದ್ದರು. ಆ ಸಮಿತಿ ಹಿಂದುಳಿದ ಮಕ್ಕಳಿಗೆ ವಿದ್ಯಾರ್ಥಿವೇತನ ಮತ್ತು ವಸತಿಗೃಹಗಳನ್ನು ಶಿಫಾರಸು ಮಾಡಿತು.

ಹಾಗಾದರೆ ಕೊರತೆ ಎಲ್ಲಿತ್ತು? ಪಾಟಿ, ಬಳಪ, ಮಾಸ್ತರರು, ಕಸಬು ಎಲ್ಲ ಇದ್ದೂ, ಆ ಶಾಲೆಯಿಂದ ಹೊರಬಂದ ಹುಡುಗನಿಗೆ ‘ಸೆಟ್ಲಮೆಂಟಿನವನು’ ಎಂಬ ಹೆಸರು ಅಂಟಿಕೊಂಡೇ ಬರುತ್ತಿತ್ತು. ಅಕ್ಷರ ಕಲಿಸಿದ ಕೈಯೇ ದಾಖಲೆ ಪುಸ್ತಕದಲ್ಲಿ ಅವನನ್ನು ಅಪರಾಧಿ ಎಂದು ಬರೆದಿತ್ತು. ಸುಮಾರು ಎರಡೂವರೆ ದಶಕಗಳ ಅನುಭವದ ನಂತರ ಈ ಪದ್ಧತಿಯ ಬಗೆಗೆ ಪ್ರಶ್ನೆಗಳೆದ್ದವು. ಮುಂಬಯಿಯ ಕಾಂಗ್ರೆಸ್ ಸರಕಾರ 1937ರಲ್ಲಿ ಕೆ. ಎಂ. ಮುನ್ಶಿಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಮುಂಬಯಿ ಪ್ರಾಂತದಲ್ಲಿ ಕಾಯದೆ 1949ರಲ್ಲಿ ರದ್ದಾಯಿತು. ದೇಶದಾದ್ಯಂತ ರದ್ದಾದದ್ದು 1952ರ ಆಗಸ್ಟ್ 31ರಂದು. ಆ ಜನರನ್ನು ಈಗ ‘ವಿಮುಕ್ತ’ರೆನ್ನುತ್ತೇವೆ.

ಹೆಸರು ಬದಲಾಯಿತು, ಸಂಶಯ ಅಳಿಯಲಿಲ್ಲ. ಬಾರಾಮತಿಗೆ ಹತ್ತಿರವೇ ಇರುವ ಫಲಟಣದ ಕಡೆಯ ಕೈಕಾಡಿ ಕುಟುಂಬದಲ್ಲಿ ಹುಟ್ಟಿದ ಲಕ್ಷ್ಮಣ ಮಾನೆಯವರು 1980ರಲ್ಲಿ ತಮ್ಮ ಆತ್ಮಕಥೆ ಬರೆದಾಗ ಅದಕ್ಕೆ ಇಟ್ಟ ಹೆಸರು ‘ಉಪರಾ’, ಎಂದರೆ ಹೊರಗಿನವನು. ಬುಟ್ಟಿ ಹೆಣೆಯುತ್ತ ಊರೂರು ತಿರುಗುವ ಮನೆಯ ಹುಡುಗ ಶಾಲೆಯಲ್ಲಿ ಕುಳಿತುಕೊಳ್ಳಲು ಪಟ್ಟ ಪಾಡು ಆ ಪುಸ್ತಕದಲ್ಲಿದೆ. 1981ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಹೊರಹಾಕಿಸಿಕೊಂಡವನೇ ಕಟ್ಟಿದ ಶಾಲೆ

ಬಾರಾಮತಿಯ ಸೆಟ್ಲಮೆಂಟು ನಡೆಯುತ್ತಿದ್ದ ಕಾಲದಲ್ಲಿಯೇ, ಅಲ್ಲಿಂದ ನೂರು ಕಿಲೋಮೀಟರಿನೊಳಗೆ ಸಾತಾರೆಯಲ್ಲಿ ಇನ್ನೊಂದು ಬಗೆಯ ಉತ್ತರ ಸಿದ್ಧವಾಗುತ್ತಿತ್ತು. ಅದನ್ನು ಕೊಟ್ಟವರು ಕರ್ಮವೀರ ಭಾವುರಾವ್ ಪಾಟೀಲರು.

ಭಾವುರಾಯರು ಹುಟ್ಟಿದ್ದು 1887ರ ಸಪ್ಟೆಂಬರ್ 22ರಂದು, ಬಾಹುಬಲಿ ಬೆಟ್ಟದಿಂದ ಜೈನರಿಗೆಲ್ಲ ಪರಿಚಿತವಾದ ಕುಂಭೋಜದಲ್ಲಿ. ಅವರ ಪೂರ್ವಿಕರು ಮೂಡಬಿದಿರೆಯ ಕಡೆಯವರೆಂದು ಚರಿತ್ರಕಾರರು ಹೇಳುತ್ತಾರೆ. ತಂದೆಯ ಹೆಸರು ಪಾಯಗೊಂಡ. ಆ ‘ಗೊಂಡ’ ನಮ್ಮ ‘ಗೌಡ’ನೇ ಎಂದು ಬೇರೆ ಹೇಳಬೇಕಾಗಿಲ್ಲ. ತಂದೆ ಕಂದಾಯ ಇಲಾಖೆಯಲ್ಲಿ ಕಾರಕೂನರು. ಹಾಗೆ ನೋಡಿದರೆ ಇವರೂ ಊರು ಬಿಟ್ಟು ಬಂದ ಮನೆತನದವರೇ, ಸರಕಾರಿ ನೌಕರನ ಮಗನೇ.

ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದುಕೊಂಡು ರಾಜಾರಾಮ್ ಹೈಸ್ಕೂಲಿನಲ್ಲಿ ಓದುತ್ತಿದ್ದ ಈ ಹುಡುಗ ಓದಿಗಿಂತ ಕುಸ್ತಿಯಲ್ಲಿ ಮುಂದು. 1908ರಲ್ಲಿ ಶಾಹು ಮಹಾರಾಜರು ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭ ನಡೆಸಿದಾಗ ಇವನು ಅಲ್ಲಿಗೆ ಹೋಗಿ ಬಂದ. ಮರಳಿದ ಮೇಲೆ ಸ್ನಾನ ಮಾಡಿ ಶುದ್ಧನಾಗಬೇಕೆಂದಾಗ ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಹಾಕಿದರು. ಆಗ ಬೋರ್ಡಿಂಗಿನ ಮುಖ್ಯಸ್ಥರು ಅಣ್ಣಾಸಾಹೇಬ ಲಠ್ಠೆಯವರು. ಇಂಗ್ಲಿಷ್ ಆರನೆಯ ಇಯತ್ತೆಗಿಂತ ಮುಂದೆ ಭಾವುರಾಯರ ಓದು ಸಾಗಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಶಿಸ್ತು ಮೀರಿದ್ದಕ್ಕಾಗಿ ಹೊರದಬ್ಬಿಸಿಕೊಂಡ, ನಪಾಸಾದ ಹುಡುಗ.

ಮುಂದೆ ನಡೆದದ್ದನ್ನು ಕೇಳಿ. 1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜದಂಪತಿಗಳ ಪ್ರತಿಮೆಗಳಿಗೆ ಯಾರೋ ಡಾಂಬರು ಬಳಿದರು. ಆ ಪ್ರಕರಣದಲ್ಲಿ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ಹೇಳುವಂತೆ ಭಾವುರಾಯರನ್ನು ಒತ್ತಾಯಿಸಿ, ಪೋಲೀಸರು ಕೂಡಿಹಾಕಿ ಹಿಂಸಿಸಿದರು. ತನ್ನನ್ನು ಬೋರ್ಡಿಂಗಿನಿಂದ ಹೊರಹಾಕಿದ ವ್ಯಕ್ತಿಯ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭವಾದ ಸಂದರ್ಭ ಬೇರೆ ಬೇಕೆ? ಭಾವುರಾಯರು ಸುಳ್ಳು ಹೇಳಲಿಲ್ಲ. ಹುಡುಗನ ನಡತೆಯ ಬಗೆಗೆ ಬೋರ್ಡಿಂಗು ಕೊಟ್ಟ ತೀರ್ಪಿಗೂ, ಬದುಕು ಕೊಟ್ಟ ತೀರ್ಪಿಗೂ ಎಷ್ಟು ಅಂತರ!

ಕೆಲವು ಕಾಲ ಅವರು ಓಗಲೆಯವರ ಗಾಜಿನ ಸಾಮಾನು, ಕಿರ್ಲೋಸ್ಕರ್ ನೇಗಿಲುಗಳನ್ನು ಮಾರುತ್ತ ಹಳ್ಳಿಗಳನ್ನು ಸುತ್ತಿದರು. ಓದದ ರೈತರ ಮಕ್ಕಳನ್ನು ಕಣ್ಣಾರೆ ಕಂಡದ್ದು ಆಗಲೇ. 1919ರಲ್ಲಿ ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಬೋರ್ಡಿಂಗು ಆರಂಭವಾಯಿತು. 1927ರಲ್ಲಿ ಗಾಂಧೀಜಿ ಬಂದು ಅದಕ್ಕೆ ಶಾಹು ಛತ್ರಪತಿಗಳ ಹೆಸರಿಟ್ಟರು. ಎಲ್ಲ ಜಾತಿಯ ಹುಡುಗರು ಒಂದೇ ಒಲೆಯ ಮೇಲೆ ಸರದಿಯಂತೆ ರೊಟ್ಟಿ ಸುಟ್ಟು, ಒಂದೇ ಪಂಕ್ತಿಯಲ್ಲಿ ಉಂಡು, ಹೊಲದಲ್ಲಿ ದುಡಿದು, ಕಲ್ಲು ಹೊತ್ತು, ಶಾಲೆಗೆ ಹೋಗುತ್ತಿದ್ದರು. ಧಾನ್ಯ ತೀರಿದಾಗ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು ಕಳಚಿ ಕೊಟ್ಟರು. ಕೊನೆಗೆ ಮಂಗಳಸೂತ್ರವೂ ಹೋಯಿತು. ಆ ತಾಯಿ 1930ರಲ್ಲಿ ತೀರಿಕೊಂಡರು. 1940ರಲ್ಲಿ ಸಾತಾರೆಯಲ್ಲಿ ಮಹಾರಾಜಾ ಸಯಾಜಿರಾವ್ ಹೈಸ್ಕೂಲು, 1947ರಲ್ಲಿ ಶಿವಾಜಿ ಕಾಲೇಜು. ‘ದುಡಿ ಮತ್ತು ಕಲಿ’ ಎಂಬುದೇ ಎಲ್ಲದರ ತಳಹದಿ. 1959ರಲ್ಲಿ, ಅವರು ತೀರಿಕೊಂಡ ವರ್ಷವೇ, ಪುಣೆ ವಿದ್ಯಾಪೀಠ ಅವರಿಗೆ ಡಿ.ಲಿಟ್. ಪದವಿ ನೀಡಿತು. ಇಂದು ರಯತ್ ಸಂಸ್ಥೆಗೆ ಏಳುನೂರಕ್ಕೂ ಹೆಚ್ಚು ಶಾಖೆಗಳಿವೆ.

ಹೊರಗಿನಿಂದ ನೋಡಿದರೆ ಬಾರಾಮತಿಯ ವಸಾಹತಿನಲ್ಲಿಯೂ ದುಡಿತ, ಓದು. ಸಾತಾರೆಯ ಬೋರ್ಡಿಂಗಿನಲ್ಲಿಯೂ ದುಡಿತ, ಓದು. ಎರಡೂ ಕಡೆ ಬೆಳಗ್ಗೆ ಬೇಗನೆ ಏಳಬೇಕು. ಎರಡೂ ಕಡೆ ಶಿಸ್ತು ಬಿಗಿ. ಆದರೆ ಒಂದು ಕಡೆ ಹಾಜರಿ ಕರೆಯುವುದು ಹುಡುಗ ಓಡಿಹೋಗಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು. ಇನ್ನೊಂದು ಕಡೆ, ಊಟಕ್ಕೆ ಎಷ್ಟು ಜನರೆಂದು ತಿಳಿಯಲು. ಒಂದು ಕಡೆಯ ದುಡಿತ ಅವನ ಜಾತಿಯ ಕಳಂಕವನ್ನು ತೊಳೆಯುವ ಶಿಕ್ಷೆ. ಇನ್ನೊಂದು ಕಡೆಯ ದುಡಿತ, ತನ್ನ ಓದಿನ ಖರ್ಚನ್ನು ತಾನೇ ಗಳಿಸಿದೆನೆಂಬ ಹೆಮ್ಮೆ.

ಮುಂಬಯಿಯ ರಾತ್ರಿಶಾಲೆಗಳು

ಮೂರನೆಯ ಉತ್ತರ ನಮ್ಮವರದೇ. ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಬಡತನಕ್ಕೋ, ಮಾಸ್ತರರ ಬೆತ್ತಕ್ಕೋ, ತಂದೆಯ ಕೋಪಕ್ಕೋ ಹೆದರಿ ಮುಂಬಯಿಗೆ ಓಡಿಬಂದ ಹುಡುಗರು ಒಬ್ಬಿಬ್ಬರಲ್ಲ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಮಾಣಿಯಾಗಿ, ರಾತ್ರಿ ಅದೇ ಮೇಜಿನ ಮೇಲೆ ಮಲಗಿದವರು. ಯಾವ ಕಾಯದೆಯೂ ಇವರನ್ನು ಹುಡುಕಿಕೊಂಡು ಬರಲಿಲ್ಲ. ಇವರಿಗಾಗಿ ಶಾಲೆ ತೆರೆದದ್ದು ಊರಿನ ಸಂಘಗಳು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಹೈಸ್ಕೂಲು, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆ ಇವೆಲ್ಲ ಹಗಲಿಡೀ ದುಡಿದ ಹುಡುಗನಿಗೆ ಸಂಜೆಯ ಮೇಲೆ ಬಾಗಿಲು ತೆರೆದಿಟ್ಟವು. ಅಲ್ಲಿ ಕಲಿಸಿದವರಲ್ಲಿ ಹಲವರು ಹಗಲು ಆಫೀಸುಗಳಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿ ಓದಿದವರಲ್ಲಿ ಬ್ಯಾಂಕು ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ, ತಾವೇ ಹೋಟೆಲು ಕಟ್ಟಿದವರಿದ್ದಾರೆ.

ಈ ಶಾಲೆಗಳು ಹುಡುಗನಿಗೆ ‘ಏಕೆ ಓಡಿಬಂದೆ?’ ಎಂದು ಕೇಳಲಿಲ್ಲ. ‘ಯಾವ ಇಯತ್ತೆಯವರೆಗೆ ಓದಿದ್ದೀ?’ ಎಂದು ಕೇಳಿದವು. ನನ್ನ ಮಟ್ಟಿಗೆ ಇಡೀ ಇತಿಹಾಸದ ಸಾರ ಈ ಎರಡು ಪ್ರಶ್ನೆಗಳ ವ್ಯತ್ಯಾಸದಲ್ಲಿದೆ.

ಇಂದಿನ ದಾರಿಗಳು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಇಂಥ ಹುಡುಗರ ಮುಂದೆ ಹಿರಿಯರು ತಪ್ಪದೆ ಹೇಳುತ್ತಾರೆ. ಆದರೆ ಹದಿನಾಲ್ಕು ವರ್ಷದ ಹುಡುಗ ಇನ್ನೂ ಮರವಾಗಿಲ್ಲ. ಕಚೇರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಡತಗಳ ನಡುವೆ ಕಳೆದ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಶೆರಾ ಬರೆಯುವ ಕಾಲಮಿನಲ್ಲಿ ಯಾರೋ ಒಮ್ಮೆ ಅವಸರದಲ್ಲಿ ಬರೆದ ಎರಡು ಶಬ್ದ, ಬರೆದವನು ನಿವೃತ್ತನಾಗಿ ಹೋದ ಮೇಲೂ ಒಬ್ಬನ ಬೆನ್ನು ಬಿಡುವುದಿಲ್ಲ. ಎಲ್.ಸಿ.ಯಲ್ಲಿ ‘ವರ್ತಣೂಕ’ ಎಂಬ ಒಂದು ಕಾಲಮು ಇದೆ. ಅದರಲ್ಲಿ ಬರೆಯುವ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಬಾರಾಮತಿಯ ಸೆಟ್ಲಮೆಂಟಿನ ಮಕ್ಕಳು ಅನುಭವಿಸಿ ತೋರಿಸಿದ್ದಾರೆ.

ಕಾಯದೆ ಈಗ ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತಿದೆ. 2009ರ ಶಿಕ್ಷಣ ಹಕ್ಕಿನ ಕಾಯದೆಯಂತೆ, ಪ್ರಾಥಮಿಕ ಶಿಕ್ಷಣ, ಎಂದರೆ ಎಂಟನೆಯ ಇಯತ್ತೆ, ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಐದನೆಯ ಮತ್ತು ಎಂಟನೆಯ ಇಯತ್ತೆಗಳಲ್ಲಿ ನಪಾಸು ಮಾಡಲು ಅವಕಾಶ ಕೊಟ್ಟಿದೆಯೇ ಹೊರತು ಹೊರಹಾಕಲು ಕೊಟ್ಟಿಲ್ಲ. 2015ರ ಬಾಲನ್ಯಾಯ ಕಾಯದೆ ‘ಹೊಸ ಆರಂಭ’ವನ್ನು ಒಂದು ತತ್ತ್ವವೆಂದೇ ಹೇಳಿ, ಸಾಮಾನ್ಯವಾಗಿ ಹುಡುಗನ ಹಳೆಯ ದಾಖಲೆಯನ್ನು ಅಳಿಸಬೇಕೆನ್ನುತ್ತದೆ. ಆದರೆ ಹದಿನಾರು ತುಂಬಿದವನು ಘೋರ ಅಪರಾಧ ಮಾಡಿದ್ದರೆ ಅವನನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಲು ಅದೇ ಕಾಯದೆಯಲ್ಲಿ ದಾರಿಯಿದೆ. ಒಂಬತ್ತು, ಹತ್ತನೆಯ ಇಯತ್ತೆಯ ಹುಡುಗನಿಗೆ ಶಿಕ್ಷಣ ಹಕ್ಕಿನ ರಕ್ಷಣೆಯೂ ಇಲ್ಲ. ಹೊರಬೀಳುವವರು ಹೆಚ್ಚಾಗಿ ಆ ವಯಸ್ಸಿನವರೇ.

ಅಂಥ ಮನೆಯವರು ತಿಳಿದಿರಬೇಕಾದ ಎರಡು ಮಾತುಗಳನ್ನು ಹೇಳುತ್ತೇನೆ. ಮಹಾರಾಷ್ಟ್ರದಲ್ಲಿ ‘17 ನಂಬರ್ ಫಾರ್ಮ್’ ತುಂಬಿ, ಶಾಲೆಗೆ ದಿನವೂ ಹೋಗದೆ ಹತ್ತನೆಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. 1989ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ಹದಿನಾಲ್ಕು ತುಂಬಿದವರು ಅಲ್ಲಿ ಹೆಸರು ನೋಂದಾಯಿಸಿ ಐದು ವಿಷಯಗಳನ್ನು ತಮ್ಮ ಅನುಕೂಲದಂತೆ ಒಂದೊಂದಾಗಿ, ಐದು ವರ್ಷದೊಳಗೆ ಮುಗಿಸಬಹುದು. ಒಮ್ಮೆ ನಪಾಸಾದರೆ ಎಲ್ಲವನ್ನೂ ಮತ್ತೆ ಬರೆಯಬೇಕಾಗಿಲ್ಲ.

ಆದರೆ ಫಾರ್ಮು ತಂದುಕೊಡುವುದರಿಂದಲೇ ಹುಡುಗ ಓದುವುದಿಲ್ಲ. ಮನೆಯಲ್ಲಿ ದಿನವೂ ‘ನೀನು ಹಾಳಾದೆ’ ಎಂಬ ಮಾತು ಕೇಳುವವನಿಗೆ ಸಂಜೆ ಎರಡು ಗಂಟೆ ಬೇರೆಲ್ಲಿಯಾದರೂ ಕುಳಿತುಕೊಳ್ಳಲು ಒಂದು ಜಾಗ ಬೇಕು, ಲೆಕ್ಕ ಹೇಳಿಕೊಡುವ ಒಬ್ಬ ಹಿರಿಯ ಬೇಕು, ಕೈಗೆ ಒಂದು ಕೆಲಸ ಬೇಕು. ಮುಂಬಯಿಯ ನಮ್ಮ ಹಿರಿಯರು ಕೊಟ್ಟದ್ದು ಇಷ್ಟನ್ನೇ. ಹೆಚ್ಚಿನ ಸಂಘಗಳಿಗೆ ಒಂದು ಕೋಣೆ ಇದೆ. ವಾರದಲ್ಲಿ ಬಹಳ ದಿನ ಅದಕ್ಕೆ ಬೀಗವಿರುತ್ತದೆ. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಎಂಜಿನಿಯರರಿದ್ದಾರೆ, ಬಿ.ಎಸ್ಸಿ. ಮಾಡಿ ಗುಮಾಸ್ತರಾದ ನನ್ನಂಥವರೂ ಇದ್ದೇವೆ. ಬೀಜಗಣಿತವನ್ನು ಹತ್ತನೆಯ ಇಯತ್ತೆಯ ಮಟ್ಟಕ್ಕೆ ಕಲಿಸಲು ನಮ್ಮಲ್ಲಿ ಯಾರಿಗೂ ಕಷ್ಟವಾಗಲಾರದು. ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆಯಲ್ಲಿ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ವಾರಕ್ಕೆ ಎರಡು ಸಂಜೆ ಕಲಿಸಲು ನಾನು ಸಿದ್ಧನಿದ್ದೇನೆ. ಹೆಸರು ಬರೆಯಿಸಲು ಬರುವ ಹುಡುಗನ ಎಲ್.ಸಿ. ನೋಡುವ ಅಗತ್ಯ ನಮಗಿಲ್ಲ.